ಯಾವ ಕುರಿ, ಯಾವ ನೀರು

ಧಾರವಾಡ
೧೮ ನವೆಂಬರ್ ೧೯೯೬

ರೇವಕ್ಕಾ,

ಕುರಿ ಹೊಡೆದುಕೊಂಡು ನೀನು ಹೊಳೆದಂಡೆಯಿಂದ ಹಟ್ಟಿಗೆ ಮರಳಿದ್ದೀ ಎಂದು ಇಂಡಿಯಿಂದ ಬಂದವರೊಬ್ಬರು ಹೇಳಿದರು. ಎಂಟು ತಿಂಗಳು ನಿನಗೆ ಪತ್ರ ಹಾಕಲು ವಿಳಾಸವೇ ಇರಲಿಲ್ಲ. ಅದಕ್ಕೇ ಈಗ ನೇರವಾಗಿ ವಿಷಯಕ್ಕೆ ಬರುತ್ತೇನೆ, ಬೈಯಬೇಡ. ನನಗೆ ಹನ್ನೆರಡು ಕುರಿಮರಿ ಬೇಕು.

ಹುಟ್ಟಿ ಇಪ್ಪತ್ತು ದಿನವಾದವು ಸಾಕು. ಆರು ನಮ್ಮ ಹಟ್ಟಿಯ ಕುರಿಗಳ ಮರಿ, ಆರು ಆಲಮಟ್ಟಿ ಕಡೆ ಇರುವ ಶೇವಂತೆವ್ವ ಅತ್ತಿಯ ಹಿಂಡಿನವು. ಅತ್ತಿಯ ಕುರಿಗಳು ಹುಟ್ಟಿದಾಗಿನಿಂದ ಕೃಷ್ಣೆಯ ನೀರನ್ನೇ ಕುಡಿದವು, ನಮ್ಮವು ಬೋರಿನ ನೀರು. ತಾಯಿ ಬಸುರಿದ್ದಾಗ ಕುಡಿದ ನೀರು ಮರಿಯ ಎಲುಬಿಗೂ ಇಳಿಯುತ್ತದೆ, ಎರಡರ ಎಲುಬನ್ನೂ ಹೋಲಿಸಿ ನೋಡಬೇಕು.

ಮರಿಯ ಮೊಣಕಾಲಿನ ಹತ್ತಿರ ಎಲುಬಿನ ತುದಿ ಮೆತ್ತಗಿರುವುದನ್ನು ನೀನು ಬೆರಳಿನಿಂದ ಒತ್ತಿ ಬಲ್ಲೆ. ಎಲುಬು ಬೆಳೆಯುವುದು ಅಲ್ಲಿಯೇ. ಅದು ಬೆಳೆಯಲು ಗಂಧಕದ ಒಂದು ಲವಣ ಬೇಕು, ಅದಕ್ಕೆ ಸಲ್ಫೇಟ್ ಅನ್ನುತ್ತೇವೆ. ನಾವು ಮುಂಬಯಿಯಿಂದ ತರಿಸುವ ಸಲ್ಫೇಟಿನಲ್ಲಿರುವ ಗಂಧಕ ಸಣ್ಣಗೆ ವಿಕಿರಣ ಸೂಸುತ್ತದೆ. ಆ ಮೆತ್ತನೆಯ ಎಲುಬಿನ ತೆಳ್ಳನೆಯ ಚೂರನ್ನು ಅದರಲ್ಲಿ ನಾಲ್ಕು ತಾಸು ಇಟ್ಟು, ತೊಳೆದು, ಯಂತ್ರಕ್ಕೆ ಕೊಡುತ್ತೇವೆ. ಚೂರು ಎಷ್ಟು ಗಂಧಕ ಒಳಗೆಳೆದುಕೊಂಡಿದೆಯೋ ಯಂತ್ರದ ಎಣಿಕೆ ಅಷ್ಟು ಏರುತ್ತದೆ. ಹುರುಪಿನಿಂದ ಬೆಳೆಯುವ ಎಲುಬು ಹೆಚ್ಚು ತೆಗೆದುಕೊಳ್ಳುತ್ತದೆ, ಸೊರಗಿದ್ದು ಕಡಿಮೆ. ಸಂತೆಯಲ್ಲಿ ನಮ್ಮ ಕುರಿ ಸಿಗಲೆಂದು ಬೆನ್ನಿಗೆ ಬಣ್ಣ ಹಚ್ಚುತ್ತೀರಲ್ಲ, ಹಾಗೆಯೇ ಇದು.

ಹಟ್ಟಿಯಲ್ಲಿ ಹನ್ನೊಂದು ಮಕ್ಕಳ ಮೊಣಕಾಲು ಬಾಗಿವೆ. ನೀರಿನ ಕಚೇರಿಯವರು ಬಂದು, ನೀವು ಸರಿಯಾಗಿ ಉಣಿಸುವುದಿಲ್ಲ ಎಂದು ತಾಯಂದಿರನ್ನೇ ಬೈದು ಹೋದದ್ದು ನಿನಗೆ ನೆನಪಿದೆ. ನಾನಂತೂ ಅದನ್ನು ಮರೆತಿಲ್ಲ. ನನ್ನ ಮಾರ್ಗದರ್ಶಕರಾದ ಬಸಂತರಾಯ ಸರ್ ಆ ಕಚೇರಿಗೆ ಸಲಹೆ ಕೊಡುವ ಸಮಿತಿಯಲ್ಲಿದ್ದಾರೆ. ನೀರೇ ಕಾರಣ ಎಂದು ಅವರು ಬರೆದರೆ ಬೋರು ಮುಚ್ಚುತ್ತಾರೆ, ಹೊಳೆಯ ನೀರು ತರುತ್ತಾರೆ. ಅವರ ಕೈಯಿಂದ ಅದನ್ನು ಬರೆಸದೆ ನಾನು ಬಿಡುವುದಿಲ್ಲ.

ಸಿದ್ದವ್ವ ಹೇಗಿದ್ದಾಳೆ? ನೀನು ಚಡಚಣದ ಗಂಡನ ಮನೆ ಬಿಟ್ಟು, ಮೂರು ತಿಂಗಳ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಹಟ್ಟಿಗೆ ಬಂದಾಗ ನಾನು ಪಿಯುಸಿ ಓದುತ್ತಿದ್ದೆ. ಆ ಕೂಸಿಗೆ ಈಗ ಒಂಬತ್ತು ಎಂದರೆ ನಂಬಿಕೆಯಾಗುವುದಿಲ್ಲ. ಅವಳ ಕಾಲು ಹೇಗಿದೆ, ಬರೆ.

ನಿನ್ನ ತಂಗಿ,
ಭುವನೇಶ್ವರಿ


ಹಟ್ಟಿ, ಇಂಡಿ ತಾಲೂಕು
೧೪ ಡಿಸೆಂಬರ್ ೧೯೯೬

ತಂಗಿ ಭುವನಾ,

ಎಂಟು ತಿಂಗಳ ಮ್ಯಾಲ ಕಾಗದ ಬಂತು, ಅದರಾಗ ಹೆಂಗದಿ ಅಂತ ಕೇಳೂಕಿಂತ ಮೊದಲ ಹನ್ನೆರಡು ಮರಿ ಬೇಕು ಅಂದಿ. ಭಾಳ ಶಾಣ್ಯಾಕಿ ಆಗೀದಿ. ನಾನು ಏಳನೆತ್ತ ಓದಿದಾಕಿ, ಮಾತಾಡಿದಂಗ ಬರೀತೇನಿ. ತಪ್ಪು ತಿದ್ದಾಕ ಹೋಗಬ್ಯಾಡ.

ಮರಿ ಕಳಿಸೇನಿ. ಫಕ್ರುದ್ದೀನನ ಲಾರಿ ಧಾರವಾಡಕ್ಕ ಹೊಂಟಿತ್ತು, ಹೊಟ್ಟಿ ತುಂಬ ಹಾಲು ಕುಡಿಸಿ ಹತ್ತಿಸೇನಿ. ಎಡಗಿವಿ ಕತ್ತರಿಸಿದ್ದು ನಮ್ಮವು, ಬಲಗಿವಿ ಅತ್ತಿವು. ಕೊಳ್ಳಾಗ ನಂಬರಿನ ಬಿಲ್ಲಿ ಕಟ್ಟೇನಿ. ಅಪ್ಪ ಒಂದೊಂದ ಎತ್ತಿ ಕೊಡುಮುಂದ ಬೆನ್ನ ಮ್ಯಾಲ ಕೈ ಆಡಿಸಿದ. ಕಟಗರಿಗೆ ಮರಿ ಕೊಟ್ಟು ರೂಢಿ ಐತಿ ನಮಗ, ಆದ್ರ ಇಪ್ಪತ್ತು ದಿನದ್ದು ಯಾವತ್ತೂ ಕೊಟ್ಟಿಲ್ಲ. ಅದನ್ನ ನೆನಪಿಟ್ಟು ಕೆಲಸ ಮಾಡು.

ಆ ವಿಕಿರಣ ಅನ್ನೂದು ಕೈಗಿ ಹತ್ತೂದಿಲ್ಲ ಹೌದಲ್ಲ? ನಿನ್ನ ತಂಗಿ ಹಂತಾದ್ದು ಮುಟ್ಟಿದ್ರ ಆಕಿಗೆ ಮಕ್ಕಳಾಗೂದಿಲ್ಲ ಅಂತ ಇಲ್ಲಿ ಹೆಂಗಸರು ಮಾತಾಡಾಕತ್ತಾರ. ನಾ ಅಂದೆ, ನಿಮಗ ಹುಟ್ಟಿದವು ಮೊದಲ ನೆಟ್ಟಗ ನಡೀಲಿ, ಆಕಿಗೆ ಹುಟ್ಟದವರ ಚಿಂತಿ ನೀವು ಮಾಡಬ್ಯಾಡ್ರಿ. ಅವತ್ತಿನಿಂದ ಯಾರೂ ನನ್ನ ಜೋಡಿ ಮಾತಾಡವಲ್ರು. ನನಗೂ ಆರಾಮ ಆತು.

ಸಿದ್ದವ್ವ ಚಲೋ ಅದಾಳ. ಸಾಲಿಗಿ ಹೋಗತಾಳ.

ರೇವವ್ವ


ಧಾರವಾಡ
೪ ಜನವರಿ ೧೯೯೭

ರೇವಕ್ಕಾ,

ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ, ಸಿಟ್ಟಿನಲ್ಲಿಯೇ ಓದು. ನೀನು ಮರಿಗಳನ್ನು ಅದಲುಬದಲು ಮಾಡಿ ಕಳಿಸಿದ್ದೀ.

ಅತ್ತಿಯ ಆರೂ ಮರಿಗಳ ಎಲುಬು ನಿಮಿಷಕ್ಕೆ ನಾಲ್ಕು ಸಾವಿರದ ಆಚೀಚೆ ಎಣಿಕೆ ಕೊಟ್ಟವು. ನಮ್ಮ ಆರರಲ್ಲಿ ಎರಡು, ಮೂರು ಮತ್ತು ಆರನೆಯ ಮರಿಗಳದು ಎರಡೂವರೆ ಸಾವಿರವನ್ನೂ ದಾಟಲಿಲ್ಲ. ನಾನು ನಿರೀಕ್ಷಿಸಿದ್ದೂ ಹಾಗೆಯೇ. ಆದರೆ ಉಳಿದ ಮೂರು ಅತ್ತಿಯ ಮರಿಗಳಿಗೆ ಸರಿಸಮ ನಿಂತವು. ಎರಡು ಸಲ ಎಣಿಸಿದೆ, ಮೂರು ಸಲ ಎಣಿಸಿದೆ, ಅಷ್ಟೇ ಬಂತು. ಒಂದೇ ಹಟ್ಟಿ, ಒಂದೇ ಬೋರು, ಅರ್ಧ ಹಾಗೆ, ಅರ್ಧ ಹೀಗೆ. ಇದಕ್ಕೆ ಏನು ಅರ್ಥ?

ಬಸಂತರಾಯ ಸರ್ ಹಾಳೆ ನೋಡಿ ನಕ್ಕರು. ಅವರು ಸಾಲೋಟಗಿ ಕಡೆಯ ದೊಡ್ಡ ಹೊಲಮನೆಯವರು. ತಮ್ಮ ಹೊಲದಲ್ಲಿ ನಮ್ಮಂಥವರು ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬುವುದನ್ನು ನೋಡಿ ಬೆಳೆದವರು. “ನಿಮ್ಮವರಿಗೆ ಎಣಸಾಕ ಬರ್ತದ, ಬರದಿಡಾಕ ಬರೂದಿಲ್ಲ,” ಎಂದರು. ಕಡಿಮೆ ಬಂದ ಮೂರು ಚೂರು ನನ್ನ ಕೈಯಲ್ಲಿ ಕೆಟ್ಟಿರಬೇಕಂತೆ. ಅವನ್ನು ಬಿಟ್ಟು, ಎರಡು ನೀರಿಗೂ ವ್ಯತ್ಯಾಸವಿಲ್ಲ ಎಂದು ಬರೆದರೆ ಮಾರ್ಚಿನೊಳಗೆ ಪ್ರಬಂಧ ಮುಗಿಯುತ್ತದಂತೆ. ಅದೇ ಮಾತು ನೀರಿನ ಕಚೇರಿಗೂ ಹೋಗುತ್ತದೆ. ಆಮೇಲೆ ಆ ಬೋರನ್ನು ಯಾರೂ ಮುಟ್ಟುವುದಿಲ್ಲ.

ಬರೆಯುವುದಿಲ್ಲ ಎಂದೆ. ಆದರೆ ಬರೆಯದಿರಲು ನನ್ನ ಹತ್ತಿರ ಕಾರಣವಾದರೂ ಇರಬೇಕಲ್ಲ. ಅತ್ತಿಯ ಹಿಂಡಿನಿಂದ ಒಂಬತ್ತು ಮರಿ ತಂದು ಮೂರಕ್ಕೆ ಎಡಗಿವಿ ಕತ್ತರಿಸಿಬಿಟ್ಟೆಯಾ? ಲಾರಿಯ ಗಡಿಬಿಡಿಯಲ್ಲಿ ಬಿಲ್ಲೆ ತಪ್ಪಿ ಕಟ್ಟಿದೆಯಾ? ನಿಜ ಹೇಳು.

ಸಿದ್ದವ್ವಳ ಕಾಲಿನ ಬಗ್ಗೆ ಕೇಳಿದ್ದೆ. ನೀನು ಶಾಲೆಯ ಬಗ್ಗೆ ಬರೆದೆ.

ಭುವನಾ


ಹಟ್ಟಿ, ಇಂಡಿ ತಾಲೂಕು
೧೬ ಜನವರಿ ೧೯೯೭

ಭುವನಾ,

ನಿನ್ನ ಕಾಗದ ಒಲಿಯಾಗ ಹಾಕಬೇಕಂತ ಮಾಡಿದ್ದೆ, ಅಪ್ಪ ಕಸಗೊಂಡ. ಹುಡುಗಿ ಅಳಕೋತ ಬರದಾಳ, ತಿಳಿಸಿ ಹೇಳು ಅಂದ. ಆತು, ತಿಳಿಸಿ ಹೇಳತೇನಿ.

ಮೂರ್ನೂರು ಕುರಿ ಅದಾವು ನಮ್ಮವು. ಒಂದೊಂದರ ಅವ್ವ ಯಾರು, ಅಜ್ಜಿ ಯಾರು, ಕಣ್ಣು ಮುಚ್ಚಿ ಹೇಳತೇನಿ. ಅದಲುಬದಲು ಮಾಡಿದೆ ಅಂತ ನನಗ ಯಾರೂ ಅಂದಿಲ್ಲ, ನೀ ಅಂದಿ.

ನೀ ಕೇಳಿದ್ದೇನು? ನಮ್ಮ ಹಟ್ಟಿಯ ಕುರಿಗಳ ಮರಿ ಅಂತ ಕೇಳಿದಿ, ಕಾಗದ ಇಲ್ಲೇ ಐತಿ. ಹಟ್ಟಿ ಕುರಿ ಅಂದ್ರ ನಮ್ಮ ತಳಿದು, ನಮ್ಮ ಗುರುತು ಇದ್ದದ್ದು. ಅದು ಹೊಳಿಗಿ ಹೋಗಲಿ, ಗುಡ್ಡಕ್ಕ ಹೋಗಲಿ, ಹಟ್ಟಿ ಕುರೀನ. ಅದು ಬೋರಿನ ನೀರು ಕುಡದೈತಿ ಅಂತ ನಿನಗ ಹೇಳಿದವರು ಯಾರು? ನೀನೂ ಈ ಮನ್ಯಾಗ ಹುಟ್ಟಿದಾಕಿ. ಹೋಳಿ ಆದ ಮ್ಯಾಲ ಹಿಂಡು ಎಲ್ಲಿಗಿ ಹೋಗತೈತಿ, ದೀಪಾವಳಿಗೆ ಎಲ್ಲಿಂದ ಬರತೈತಿ, ಅದೂ ಮರತು ಕುಂತ್ಯಾ?

ಬರಕೋ. ಒಂದನೇದು ಕರಿಮೂಗಿ ಮರಿ. ಆಕಿ ನನ್ನ ಜೋಡಿ ಎಂಟು ತಿಂಗಳು ಹೊಳಿ ನೀರು ಕುಡದು ಬಂದಾಕಿ. ನಾಕನೇದು ಚುಕ್ಕಿದು, ಐದನೇದು ಕೆಂಚಿದು, ಅವರೂ ನನ್ನ ಜೋಡೀನ ಇದ್ರು. ಎರಡನೇದು ಕುಂಟಿದು. ಆಕಿಗೆ ಅಷ್ಟು ದೂರ ನಡ್ಯಾಕ ಆಗೂದಿಲ್ಲ, ಅಪ್ಪನ ಹಂತೇಕ ಹಟ್ಟ್ಯಾಗ ಉಳೀತಾಳ. ಮೂರನೇದು ಮುದುಕಿ ಗೌರಿದು, ಆರನೇದು ಕಿವುಡಿದು. ಅವೂ ಹಟ್ಟ್ಯಾಗ. ವರ್ಷಪೂರ್ತಿ ಬೋರು.

ಎರಡು, ಮೂರು, ಆರು. ನಿನ್ನ ಯಂತ್ರ ಇಷ್ಟು ಹೇಳಾಕ ಧಾರವಾಡ ಬೇಕಾಗಿತ್ತೇನು?

ರೇವವ್ವ


ಧಾರವಾಡ
೨ ಫೆಬ್ರುವರಿ ೧೯೯೭

ಅಕ್ಕಾ,

ತಪ್ಪಾಯಿತು. ನಿನ್ನ ಪತ್ರವನ್ನು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಳಿತು ಓದಿದೆ, ಅಲ್ಲಿಯೇ ಅತ್ತೆ. ಹತ್ತು ವರ್ಷ ಪುಸ್ತಕ ಹಿಡಿದು ನಮ್ಮ ಹಿಂಡು ಬೇಸಗೆಯಲ್ಲಿ ಎಲ್ಲಿರುತ್ತದೆ ಎಂಬುದನ್ನೇ ಮರೆತಿದ್ದೆ. ನಿನಗೆ ಬೈದದ್ದಕ್ಕೆ ನೀನು ಇನ್ನೂ ನಾಲ್ಕು ಬೈಯಬೇಕಿತ್ತು.

ಅತ್ತು ಮುಗಿಸಿ ಪತ್ರ ಹಿಡಿದುಕೊಂಡು ಸರ್ ಹತ್ತಿರ ಹೋದೆ. ಅವರು ಎರಡು ಆಕ್ಷೇಪ ತೆಗೆದರು. ಮೊದಲನೆಯದು, ಯಾವ ಮರಿಯ ಎಣಿಕೆ ಕಡಿಮೆ ಎಂದು ನಾನೇ ನಿನಗೆ ಬರೆದುಬಿಟ್ಟಿದ್ದೆ, ಅದನ್ನು ನೋಡಿ ನೀನು ಹೆಸರು ಹೊಂದಿಸಿರಬಹುದು. ಎರಡನೆಯದು, ಹಟ್ಟಿಯಲ್ಲಿ ಉಳಿದವು ಕುಂಟು, ಮುದಿ, ಕಿವುಡು. ಅವುಗಳ ಮರಿ ಸೊರಗಲು ನೀರೇ ಬೇಕೇ? ಎರಡೂ ನ್ಯಾಯವಾದ ಮಾತು ಅಕ್ಕ. ಅದೇ ನನಗೆ ಹೆಚ್ಚು ಉರಿದದ್ದು.

ಮೂರನೆಯ ಮಾತು ನ್ಯಾಯದ್ದಲ್ಲ. “ಕುರಿ ಕಾಯಾಕಿ ನೆನಪು ವಿಜ್ಞಾನದಾಗ ನಡಿಯೂದಿಲ್ಲ,” ಎಂದರು.

“ನಿಮ್ಮ ಹೊಲದ ಒಂದೊಂದು ಬದುವನ್ನೂ ನೀವು ನೆನಪಿನಿಂದಲೇ ಹೇಳ್ತೀರಿ ಸರ್,” ಎಂದೆ. “ಅದಕ್ಕ ಯಾರೂ ಪುರಾವೆ ಕೇಳೂದಿಲ್ಲ.”

ಕೋಣೆಯಲ್ಲಿದ್ದ ಉಳಿದವರು ತಲೆ ತಗ್ಗಿಸಿದರು. ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡೆ. ಸರ್ ಮಾತ್ರ, ಈ ವರ್ಷದ ಡಿಸೆಂಬರ್ ತನಕ ಕಚೇರಿಗೆ ಏನೂ ಬರೆಯುವುದಿಲ್ಲ, ಅಷ್ಟರೊಳಗೆ ತೋರಿಸು, ಆಗದಿದ್ದರೆ ನಾನು ಹೇಳಿದ್ದನ್ನು ಬರೆ ಎಂದರು. ಒಪ್ಪಿಕೊಂಡು ಬಂದಿದ್ದೇನೆ. ಹೇಗೆ ತೋರಿಸುವುದು ಎಂಬುದು ಮಾತ್ರ ಇನ್ನೂ ಹೊಳೆದಿಲ್ಲ.

ಸಿದ್ದವ್ವಳನ್ನು ಕೇಳಿದೆ ಎಂದು ಹೇಳು. ನೀನು ಅವಳ ಬಗ್ಗೆ ಬರೆಯದಿರುವುದು ನನ್ನ ಮೇಲಿನ ಸಿಟ್ಟಿಗೆ ಎಂದು ತಿಳಿದಿದ್ದೇನೆ.

ಭುವನಾ


ಹಟ್ಟಿ, ಇಂಡಿ ತಾಲೂಕು
೨೦ ಫೆಬ್ರುವರಿ ೧೯೯೭

ಭುವನಾ,

ನಿನಗ ಹೊಳೀಲಿಲ್ಲ, ನನಗ ಹೊಳದೈತಿ.

ನಿಮ್ಮ ಸಾಹೇಬರು ಹೊಂದಿಸಿ ಹೇಳಿದೆ ಅಂದ್ರಲ್ಲ, ಈ ಸಲ ನಾನ ಮೊದಲು ಹೇಳತೇನಿ. ದೀಪಾವಳಿ ಆದ ಮ್ಯಾಲ ಹನ್ನೆರಡು ಮರಿ ಕಳಿಸತೇನಿ. ನಿನಗ ಬರೇ ನಂಬರು. ಯಾವುದು ಯಾವ ಕುರಿದು, ಯಾವ ನೀರಿಂದು, ಅದನ್ನ ಬ್ಯಾರೆ ಕಾಗದದಾಗ ಬರದು, ಇಂಡಿ ಅಂಚೆ ಕಚೇರ್ಯಾಗ ಅರಗು ಹಾಕಿಸಿ, ಸಾಹೇಬರ ಹೆಸರಿಗೆ ರಜಿಸ್ಟರ್ ಮಾಡತೇನಿ. ಅವರು ತಮ್ಮ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಲಿ. ನೀ ಎಣಿಸಿ ಮುಗಿಸಿದ ಮ್ಯಾಲ ನಾಕು ಮಂದಿ ಮುಂದ ಒಡೀಲಿ.

ಇನ್ನ ಕುಂಟು ಮುದಿ ಅನ್ನೂ ಮಾತು. ಈ ಹೋಳಿಗಿ ನಾ ಹೊಂಡುಮುಂದ ಚಂದಗ ದುಂಡಗ ಇದ್ದ ಆರು ಕುರಿ ಅಪ್ಪನ ಹಂತೇಕ ಬಿಟ್ಟು ಹೋಗತೇನಿ. ಕುಂಟಿ, ಗೌರಿ, ಕಿವುಡಿನ್ನ ಬಂಡ್ಯಾಗ ಹಾಕ್ಕೊಂಡು ಹೊಳಿಗಿ ಒಯ್ತೇನಿ. ಕರಿಮೂಗಿನ್ನೂ ಬಿಟ್ಟು ಹೋಗಾಕತ್ತೇನಿ. ಆಕಿ ನನ್ನ ಬೆನ್ನು ಬಿಟ್ಟು ಇದ್ದಾಕೀನ ಅಲ್ಲ. ಅಪ್ಪ ಇದು ಪಾಪ ಅಂದ. ನಾ ಅಂದೆ, ನಮ್ಮ ಮಕ್ಕಳು ದಿನಾ ಕುಡಿಯೂ ನೀರು ಕುರಿಗಿ ಕುಡಿಸಿದ್ರ ಪಾಪ ಹೆಂಗ ಆಕ್ಕೈತಿ?

ಇನ್ನ ದೀಪಾವಳಿ ತನಕ ನನಗ ಬರೀಬ್ಯಾಡ, ಮುಟ್ಟೂದಿಲ್ಲ. ಸಿದ್ದವ್ವ ಅಪ್ಪನ ಕೂಡ ಇರತಾಳ, ಆಕಿ ಸಾಲಿ ತಪ್ಪಿಸಬಾರದು. ನಿನ್ನಂಗ ಓದಬೇಕು.

ರೇವವ್ವ


ಧಾರವಾಡ
೧೭ ನವೆಂಬರ್ ೧೯೯೭

ಅಕ್ಕಾ,

ದೀಪಾವಳಿಯಾಗಿ ಎರಡು ವಾರ ಕಳೆಯಿತು. ಬಂದಿರುತ್ತೀ ಎಂದುಕೊಂಡು ಬರೆಯುತ್ತಿದ್ದೇನೆ.

ಮುಂಬಯಿಯಿಂದ ಗಂಧಕ ಡಿಸೆಂಬರ್ ಮೊದಲ ವಾರ ಬರುತ್ತದೆ. ಅದರ ಗುಣ ನಿನಗೆ ಹೇಳಿರಲಿಲ್ಲ, ಎಂಭತ್ತೇಳು ದಿನಕ್ಕೆ ಅರ್ಧ ತೀರಿಹೋಗುತ್ತದೆ. ತಡಮಾಡಿದಷ್ಟೂ ಎಣಿಕೆ ತೆಳುವಾಗುತ್ತದೆ. ಆದ್ದರಿಂದ ಮರಿಗಳನ್ನು ಡಿಸೆಂಬರ್ ಹತ್ತರೊಳಗೆ ಕಳಿಸು. ಸರ್ ಕಪಾಟಿನಲ್ಲಿ ಜಾಗ ಮಾಡಿದ್ದಾರೆ. ಚೂರುಗಳನ್ನು ಎಣಿಸುವ ಕೆಲಸ ನನಗೆ ಕೊಟ್ಟಿಲ್ಲ, ಶ್ರೀಶೈಲ ಎಂಬ ಇನ್ನೊಬ್ಬ ವಿದ್ಯಾರ್ಥಿಗೆ ಕೊಟ್ಟಿದ್ದಾರೆ. ಇರಲಿ, ಯಾರು ಎಣಿಸಿದರೂ ಅಷ್ಟೇ ಬರಬೇಕು.

ಮಳೆಗಾಲದಲ್ಲಿ ಅಪ್ಪನಿಗೆ ಮೂರು ಕಾರ್ಡು ಹಾಕಿದ್ದೆ. ಸಿದ್ದವ್ವಳ ಕೈಯಲ್ಲಿ ಉತ್ತರ ಬರೆಸು ಎಂದಿದ್ದೆ. ಒಂದೂ ಬರಲಿಲ್ಲ. ಹುಡುಗಿ ಸೋಮಾರಿಯಾಗಿದ್ದಾಳೆ, ಬಂದಾಗ ಕಿವಿ ಹಿಂಡುತ್ತೇನೆ.

ಭುವನಾ


ಧಾರವಾಡ
೨೪ ಡಿಸೆಂಬರ್ ೧೯೯೭

ಅಕ್ಕಾ,

ನಿನ್ನೆ ಲಕೋಟೆ ಒಡೆದರು.

ಸಮಿತಿಯ ಮೂವರು, ಶ್ರೀಶೈಲ, ನಾನು. ಶ್ರೀಶೈಲ ಮೊದಲು ಹನ್ನೆರಡು ಎಣಿಕೆಗಳನ್ನು ಹಲಗೆಯ ಮೇಲೆ ಬರೆದ. ಆರು ಮೇಲೆ, ಆರು ಕೆಳಗೆ, ಮಧ್ಯದಲ್ಲಿ ಒಂದೂ ಇಲ್ಲ. ಆಮೇಲೆ ಬಸಂತರಾಯ ಸರ್ ಅರಗಿನ ಮುದ್ರೆ ಎಲ್ಲರಿಗೂ ತೋರಿಸಿ, ಕತ್ತರಿಯಿಂದ ಅಂಚು ಕತ್ತರಿಸಿ, ನಿನ್ನ ಹಾಳೆ ತೆಗೆದು ತಾವೇ ಗಟ್ಟಿಯಾಗಿ ಓದಿದರು. ಒಂದು, ಕುಂಟಿ ಮರಿ, ಹೊಳೆ, ಎಣಿಕೆ ಹೆಚ್ಚು. ಎರಡು, ಕರಿಮೂಗಿ ಮರಿ, ಬೋರು, ಕಡಿಮೆ. ಅವರು ಓದುತ್ತಾ ಹೋದರು, ಶ್ರೀಶೈಲ ಹಲಗೆಯ ಮೇಲೆ ಸರಿ ಗುರುತು ಹಾಕುತ್ತಾ ಹೋದ. ಕುಂಟಿಯ ಮರಿ ಹೋದ ಸಲದ ಅತ್ತಿಯ ಮರಿಗಳನ್ನೂ ಮೀರಿಸಿತ್ತು ಅಕ್ಕ.

ಒಂಬತ್ತನೆಯದಕ್ಕೆ ಬಂದು ಸರ್ ನಿಂತರು. ಇದರ ಅವ್ವನನ್ನು ಸಿಂದಗಿ ಸಂತೆಯಲ್ಲಿ ಹೋದ ತಿಂಗಳು ಕೊಂಡದ್ದು, ಅದು ಯಾವ ನೀರು ಕುಡಿದಿದೆಯೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದು ಹೇಳುವುದಿಲ್ಲ ಎಂದು ನೀನು ಬರೆದಿದ್ದೆ. ಸರ್ ಆ ಸಾಲನ್ನು ಎರಡನೆಯ ಸಲ ಓದಿ, “ಇಷ್ಟು ಪ್ರಾಮಾಣಿಕ ಸಾಲು ನನ್ನ ವಿದ್ಯಾರ್ಥಿಗಳು ಯಾರೂ ಬರದಿಲ್ಲ,” ಎಂದರು. ಆ ಒಂದನ್ನು ಬಿಟ್ಟು ಹನ್ನೊಂದೂ ಸರಿ ಬಂದವು.

ಆಮೇಲೆ ಅವರು ಅದೇ ದನಿಯಲ್ಲಿ ಮುಂದಿನ ಸಾಲಿಗೆ ಹೋದರು. ಹನ್ನೆರಡೇ ಇವೆ ಎಂದು ಎಲ್ಲರೂ ತಿಳಿದಿದ್ದೆವು.

“ಹದಿಮೂರು. ಸಿದ್ದವ್ವ. ನನ್ನ ಮಗಳು, ಹತ್ತು ವರ್ಷ. ಮೂರು ತಿಂಗಳ ಕೂಸು ಇದ್ದಾಗಿಂದ ಬೋರು. ಕುರಿಗೋಳನ್ನ ಹೊಳಿಗಿ ಕರಕೊಂಡು ಹೋದೆ, ಈಕಿನ್ನ ಸಾಲಿ ಸಲುವಾಗಿ ಬಿಟ್ಟು ಹೋದೆ. ಈ ಹೋಳಿಗಿ ಆರು ಕುರಿ ಬೋರಿಗೆ ಬಿಟ್ಟು ಹೊಂಟಾಗ ಏಳನೇದಾಕಿ ಬಾಗಲಾಗ ನಿಂತಿದ್ಲು, ನನ್ನ ಕಣ್ಣಿಗಿ ಬೀಳಲಿಲ್ಲ. ಶ್ರಾವಣದಿಂದ ಈಕಿಗೆ ನಡದು ಸಾಲಿಗಿ ಹೋಗಾಕ ಆಗವಲ್ದು. ಈಕಿನ್ನ ಎಣಸಾಕ ನಿಮ್ಮ ಹಂತೇಕ ಯಂತ್ರ ಇಲ್ಲ. ನಾ ಎಣಿಸೇನಿ. ಕಡಿಮಿ ಐತಿ.”

ಕೊನೆಯ ಎರಡು ಮಾತನ್ನು ಸರ್ ಬಹಳ ಸಣ್ಣಗೆ ಓದಿದರು. ಶ್ರೀಶೈಲ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ಹಾಗೆ ನಿಂತಿದ್ದ, ಎಲ್ಲಿ ಗುರುತು ಹಾಕಬೇಕೋ ತಿಳಿಯದೆ.

ನನಗೆ ಯಾಕೆ ಹೇಳಲಿಲ್ಲ ಅಕ್ಕ? ಚಲೋ ಅದಾಳ ಎಂದು ಬರೆದೆ. ನಾನು ಕಿವಿ ಹಿಂಡುತ್ತೇನೆ ಎಂದು ತಮಾಷೆ ಮಾಡಿದೆ. ನನ್ನ ಹಾಗೆ ಓದಲಿ ಎಂದು ನೀನು ಅವಳನ್ನು ಆ ನೀರಿಗೆ ಬಿಟ್ಟೆ ಅಂದರೆ, ಇದರಲ್ಲಿ ನನ್ನ ಪಾಲೂ ಇದೆ. ಇಲ್ಲಿಯ ಎಲುಬಿನ ಡಾಕ್ಟರರನ್ನು ಇವತ್ತು ಬೆಳಿಗ್ಗೆ ಕಂಡು ಬಂದೆ. ಬಾಗಿದ್ದು ತಾನಾಗಿ ನೆಟ್ಟಗಾಗುವುದು ಕಷ್ಟ, ಆದರೆ ಹತ್ತು ವರ್ಷದ ಹುಡುಗಿ ಇನ್ನೂ ಬೆಳೆಯುತ್ತಾಳೆ, ಮೊದಲು ನೀರು ಬದಲಿಸಿ ಕರೆದುಕೊಂಡು ಬನ್ನಿ ಎಂದರು.

ಸರ್ ಕಚೇರಿಗೆ ಬರೆಯುತ್ತಾರೆ. ಬೋರಿನ ನೀರು ಮಕ್ಕಳಿಗೆ ಕೊಡಬಾರದು ಎಂದು ಅವರೇ ಮಾತು ಹೇಳಿ ನನ್ನ ಕೈಯಲ್ಲಿ ಬರೆಸಿದರು. ಕಚೇರಿ ಅದನ್ನು ಓದಿ, ಪೈಪು ಮಂಜೂರಾಗಿ, ನೀರು ಬರುವ ಹೊತ್ತಿಗೆ ವರ್ಷ ಎರಡು ವರ್ಷ ಆಗಬಹುದು. ಪ್ರಬಂಧದಲ್ಲಿ ನಿನ್ನ ಹಾಳೆಯನ್ನು ಹಾಗೆಯೇ ಅಚ್ಚು ಹಾಕಿಸಲು ಒಪ್ಪಿದ್ದಾರೆ. ಹದಿಮೂರನೆಯ ಸಾಲು ಮಾತ್ರ ತೆಗೆಯಬೇಕಂತೆ. ಹುಡುಗಿ ಪ್ರಯೋಗದಲ್ಲಿ ಇರಲಿಲ್ಲವಲ್ಲ ಎನ್ನುತ್ತಾರೆ. ಇದ್ದಳು ಎಂದು ನಾನು ಹೇಳಿದ್ದೇನೆ. ಜಗಳ ಇನ್ನೂ ಮುಗಿದಿಲ್ಲ.

ಭುವನಾ


ಹೊಳಿದಂಡಿ, ಆಲಮಟ್ಟಿ ಹಂತೇಕ
೧೧ ಜನವರಿ ೧೯೯೮

ಭುವನಾ,

ನಿನ್ನ ಕಾಗದ ಅಪ್ಪ ಇಲ್ಲಿಗಿ ತಂದು ಕೊಟ್ಟ. ನಾ ಈ ಸಲ ಹೋಳಿ ಹಾದಿ ನೋಡಲಿಲ್ಲ. ರಜಿಸ್ಟರ್ ಮಾಡಿ ಬಂದ ಮರುದಿನಾನ ಹಿಂಡು ಎಬ್ಬಿಸಿದೆ. ಸಿದ್ದವ್ವನ್ನ ಬಂಡ್ಯಾಗ ಕುಂಡ್ರಿಸಿದೆ, ಕುಂಟಿ ಕುಂಡ್ರೂ ಜಾಗಾದಾಗ. ಇನ್ನ ಆಕಿ ಬಾಯಿಗಿ ಆ ಬೋರಿನ ಒಂದು ಹನಿ ಬೀಳೂದಿಲ್ಲ. ನಿಮ್ಮ ಕಚೇರಿ ಓದಲಿ, ಮಂಜೂರ ಮಾಡಲಿ, ಪೈಪು ತರಲಿ, ಅದು ಅವರ ಕೆಲಸ. ತರೂತನಕ ಬರಕೋತ ಇರು, ಅವರ ಬೆನ್ನು ಬಿಡಬ್ಯಾಡ, ಇನ್ನೂ ಹನ್ನೊಂದು ಮಕ್ಕಳು ಅಲ್ಲೇ ಅದಾವು.

ಯಾಕ ಹೇಳಲಿಲ್ಲ ಅಂತ ಕೇಳಿದಿ. ಹೇಳಿದ್ರ ನೀ ಎಲ್ಲಾ ಬಿಟ್ಟು ಓಡಿ ಬರತಿದ್ದಿ. ಅವರು ವ್ಯತ್ಯಾಸ ಇಲ್ಲ ಅಂತ ಬರೀತಿದ್ರು. ನಿನ್ನ ಪಾಲು ಅಂತ ಅಳಬ್ಯಾಡ. ಬಿಟ್ಟು ಹೋದಾಕಿ ನಾ. ಮೂರ್ನೂರು ಕುರಿದು ಯಾವ ನೀರು ಅಂತ ಬಲ್ಲೆ, ಮಗಳದು ಲೆಕ್ಕಕ್ಕ ಹಿಡೀಲಿಲ್ಲ. ಆ ಪಾಲು ನಾ ಯಾರಿಗೂ ಕೊಡೂದಿಲ್ಲ, ನಿನಗೂ ಕೊಡೂದಿಲ್ಲ.

ಇಲ್ಲಿ ಸಾಲಿಗಿ ಹಾಕೇನಿ. ಹೆಡ್ ಮಾಸ್ತರ ದಾಖಲೆ ಇಲ್ಲ, ವರ್ಷದ ನಡುವ ಹೆಸರು ಹಚ್ಚಾಕ ಬರೂದಿಲ್ಲ ಅಂದ. ನಾ ಹಿಂಡು ತಂದು ಸಾಲಿ ಬಯಲಾಗ ನಿಲ್ಲಿಸಿ, ಗಿಡದ ಬುಡಕ ಕುಂತೆ. ಮಕ್ಕಳು ಪಾಠ ಬಿಟ್ಟು ಕಿಡಕಿಗಿ ಬಂದ್ರು. ಮಾಸ್ತರ ಮೊದಲ ಬೈದ, ಆಮ್ಯಾಲ ಕೈ ಮುಗದ. ಮಧ್ಯಾನದ ಗಂಟಿ ಹೊಡಿಯೂದ್ರಾಗ ಹೆಸರು ಬರಕೊಂಡ. ಸಿದ್ದವ್ವನ್ನ ಮುಂದಿನ ಸಾಲಿನ್ಯಾಗ ಕುಂಡ್ರಿಸ್ಯಾನ. ಮನಿಷಾ ಕೆಟ್ಟಾಂವ ಅಲ್ಲ.

ಬಾಗಿದ್ದು ನೆಟ್ಟಗಾಗೂದು ಕಷ್ಟ ಅಂದಾರ. ಆಗಲಿ. ಇನ್ನ ಬೆಳಿಯೂದು ಐತಲ್ಲ, ಅದನ್ನ ನಾ ನೋಡಕೋತೇನಿ. ಶಿವರಾತ್ರಿಗೆ ಡಾಕ್ಟರ ಕಡೆ ಕರಕೊಂಡು ಬರತೇನಿ, ನಿನ್ನ ಖೋಲ್ಯಾಗ ಇಳೀತೇವಿ. ನೀ ಕಿವಿ ಹಿಂಡೂದಿದ್ರ ನಂದು ಹಿಂಡು.

ಆ ಹದಿಮೂರನೇ ಸಾಲು ತಗೀಬೇಕು ಅಂತಾರಂತ. ಸಾಹೇಬರಿಗೆ ನಮಸ್ಕಾರ ಹೇಳು, ಓದಿದ್ದಕ್ಕ. ಆಮ್ಯಾಲ ಹೇಳು, ಅದೊಂದು ಸಾಲು ಬರಿಯಾಕ ನಾ ಉಳಿದ ಹನ್ನೆರಡು ಬರದದ್ದು. ನನ್ನ ಹೆಸರು ಬೇಕಾದ್ರ ತಗೀಲಿ, ಆಕಿದು ತಗೀಬಾರದು. ತಗೀತೇವಿ ಅಂದ್ರ ನನಗೊಂದು ಕಾರ್ಡು ಹಾಕು. ಇಲ್ಲಿಂದ ಧಾರವಾಡ ಹಿಂಡಿಗಿ ಒಂಬತ್ತು ದಿನದ ಹಾದಿ. ನಿಮ್ಮ ಅಂಗಳದಾಗೂ ಗಿಡ ಅದಾವು ಅಂತ ಕೇಳೇನಿ.

ರೇವವ್ವ